ಸಸ್ಯಾಹಾರ, ಹೋಮೋಸಿಸ್ಟೀನ್ ಮತ್ತು ಹೃದಯ

ಆಹಾರದ ಮಿಥಿಯೊನೀನ್ ಎಂಬ ಅಮೈನೊ ಆಮ್ಲವನ್ನು ದೇಹ ಬಳಸಿಕೊಳ್ಳುವಾಗ ಹೋಮೋಸಿಸ್ಟೀನ್ ಉಂಟಾಗುತ್ತದೆ. ಫೋಲೇಟ್ ಮತ್ತು ಬಿ12 ಜೀವಸತ್ವಗಳು ಅದನ್ನು ಮರಳಿ ಮಿಥಿಯೊನೀನ್ ಆಗಿಸುತ್ತವೆ. ಬಿ6 ನೆರವಿನಿಂದ ಅದು ಸಿಸ್ಟೀನ್ ಆಗುತ್ತದೆ. ಈ ಜೀವಸತ್ವಗಳು ಕಡಿಮೆಯಾದರೆ ರಕ್ತದಲ್ಲಿ ಹೋಮೋಸಿಸ್ಟೀನ್ ಏರುತ್ತದೆ. ಲೀಟರಿಗೆ 15 ಮೈಕ್ರೋಮೋಲ್ ದಾಟಿದರೆ ಅದು ಹೆಚ್ಚೆಂದು ಲೆಕ್ಕ. ಇದಕ್ಕೂ ರಕ್ತನಾಳಗಳ ಹಾನಿಗೂ ನಂಟಿದೆ ಎಂದು 1969ರಲ್ಲಿ ಅಮೆರಿಕದ ವೈದ್ಯ ಕಿಲ್ಮರ್ ಮೆಕ್ಕಲಿ ಪ್ರತಿಪಾದಿಸಿದರು.

ಈ ಜೀವಸತ್ವಗಳ ವಿಚಾರ ಸಸ್ಯಾಹಾರಿಗಳಿಗೆ ಮುಖ್ಯ. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಮಲಪ್ರಭೆಯ ದಂಡೆಯಲ್ಲಿ ಸ್ಥಾಪಿಸಿದ ಶಿವಯೋಗ ಮಂದಿರದಲ್ಲಿ ಸಸ್ಯಾಹಾರವೇ ನಿಯಮ. ಬಾದಾಮಿ, ಹುನಗುಂದ, ಇಳಕಲ್ಲ ಭಾಗದ ಅನೇಕ ಮನೆಗಳಲ್ಲೂ ಹಾಗೆಯೇ. ಹೆಸರುಕಾಳು, ಕಡಲೆ, ಮೆಂತ್ಯದ ಸೊಪ್ಪು ಫೋಲೇಟ್ ಕೊಡುತ್ತವೆ. ಆದರೆ ಜೋಳದ ರೊಟ್ಟಿಯಲ್ಲಾಗಲಿ, ಕಾಳುಪಲ್ಯದಲ್ಲಾಗಲಿ ಬಿ12 ಇಲ್ಲ. ಸಸ್ಯಾಹಾರಿಗಳಿಗೆ ಅದು ದೊರೆಯುವುದು ಮುಖ್ಯವಾಗಿ ಹಾಲು, ಮೊಸರು, ಮಜ್ಜಿಗೆಯಿಂದ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಸುಮಾರು 2 ಮೈಕ್ರೋಗ್ರಾಂ ಮಾತ್ರ.

ಹಾಗೆಂದು ಈ ಜೀವಸತ್ವಗಳ ಮಾತ್ರೆಯೇ ಹೃದಯದ ರಕ್ಷಣೆಯಲ್ಲ. 2006ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗಗಳಲ್ಲಿ ಬಿ ಜೀವಸತ್ವಗಳು ಹೋಮೋಸಿಸ್ಟೀನನ್ನು ಇಳಿಸಿದವು, ಹೃದಯಾಘಾತವನ್ನು ತಗ್ಗಿಸಲಿಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು ಇವೇ ದೊಡ್ಡ ಅಪಾಯಗಳು. ಆದರೂ ಬಿ12 ಕೊರತೆಯನ್ನು ಕಡೆಗಣಿಸಬಾರದು. ಅದು ರಕ್ತಹೀನತೆ, ನರಗಳ ಹಾನಿ ತರುತ್ತದೆ. ಸಸ್ಯಾಹಾರ ಬಿಡಬೇಕಿಲ್ಲ. ನಿತ್ಯದ ಊಟದಲ್ಲಿ ಮೊಸರು, ಮಜ್ಜಿಗೆ ಇರಲಿ. ಹಿರಿಯರು ಮತ್ತು ಹಾಲು ಒಗ್ಗದವರು ವೈದ್ಯರ ಸಲಹೆಯಂತೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲಿ.