ನಾಣ್ಯ ನುಂಗಿದ ಮಗುವೂ ಅರ್ಧ ಹಾಳೆ ಕಾಗದವೂ

ಮಗು ನಾಣ್ಯ ನುಂಗಿತೆಂದರೆ ನಮ್ಮ ಜನ ಮೊದಲು ಮಾಡುವುದು ಗಂಟಲಿಗೆ ಬೆರಳು ಹಾಕುವುದು. ಆಮೇಲೆ ಬಾಳೆಹಣ್ಣು, ಅನ್ನದ ಉಂಡೆ. ಇವೆರಡೂ ಸಲ್ಲವು. ಬೆರಳು ತಾಗಿ ನಾಣ್ಯ ಇನ್ನೂ ಒಳಕ್ಕೆ ಸರಿದೀತು. ಹೊಟ್ಟೆ ತುಂಬಿದ್ದರೆ ಅರಿವಳಿಕೆ ಕೊಟ್ಟು ತೆಗೆಯುವ ಕೆಲಸಕ್ಕೆ ತೊಡಕಾಗುತ್ತದೆ. ವಾಂತಿ ಮಾಡಿಸಲೂಬಾರದು.

ಮೊದಲು ನೋಡಬೇಕಾದದ್ದು ಉಸಿರು. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಧ್ವನಿ ಹೊರಡದೆ ಮುಖ ನೀಲಿಗಟ್ಟಿದರೆ ಮುಂದಕ್ಕೆ ಬಾಗಿಸಿ ಬೆನ್ನಿನ ಮೇಲ್ಭಾಗಕ್ಕೆ ಅಂಗೈಯಿಂದ 5 ಬಾರಿ ಬಡಿಯಬೇಕು. ಫಲಿಸದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲ್ಗಡೆ 5 ಬಾರಿ ಒಳಕ್ಕೂ ಮೇಲಕ್ಕೂ ಒತ್ತಬೇಕು. ವರ್ಷ ತುಂಬದ ಕೂಸಿಗೆ ಹೊಟ್ಟೆಯನ್ನಲ್ಲ, ಎದೆಯ ನಡುವೆ ಒತ್ತಬೇಕು.

ಉಸಿರು ಸರಿಯಿದ್ದರೂ ಎಕ್ಸ್-ರೇ ಅಗತ್ಯ. ನಾಣ್ಯ ಅನ್ನನಾಳದಲ್ಲಿ ಸಿಕ್ಕಿದ್ದರೆ 24 ಗಂಟೆಯೊಳಗೆ ತೆಗೆಯಬೇಕು. ಜೊಲ್ಲು ಸುರಿಯುತ್ತ ನುಂಗಲಾಗದಿದ್ದರೆ ತಡಮಾಡದೆ. ಜಠರಕ್ಕಿಳಿದದ್ದು ಸಾಮಾನ್ಯವಾಗಿ ಕೆಲ ದಿನಗಳಲ್ಲಿ ತಾನೇ ಹೊರಬೀಳುತ್ತದೆ. ಆದರೆ ನುಂಗಿದ್ದು ನಾಣ್ಯವೇ ಎಂಬುದು ಖಚಿತವೇ? ಆಟಿಕೆ, ರಿಮೋಟುಗಳ ದುಂಡು ಸೆಲ್ಲೂ ರೂಪಾಯಿಯಷ್ಟೇ ಅಗಲ. ಅದು ಅನ್ನನಾಳದಲ್ಲಿ ಸಿಕ್ಕಿದರೆ 2 ಗಂಟೆಯೊಳಗೆ ಸುಡತೊಡಗುತ್ತದೆ. ಆಗ ಒಂದು ಗಳಿಗೆಯೂ ಕಾಯುವಂತಿಲ್ಲ. ನುಂಗಬಲ್ಲ, ವರ್ಷ ದಾಟಿದ ಮಗುವಿಗೆ ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಚಿಕ್ಕ ಚಮಚ ಜೇನು, ಹೆಚ್ಚೆಂದರೆ 6 ಬಾರಿ, ಕೊಡಬಹುದು. ಜೇನು ಹುಡುಕುತ್ತ ಪಯಣ ತಡೆಯಬಾರದು.

2020ರ ಆಗಸ್ಟಿನಲ್ಲಿ ಆಲುವಾದ ಮೂರು ವರ್ಷದ ಮಗುವೊಂದು ನಾಣ್ಯ ನುಂಗಿ, ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು, ಮನೆಗೆ ಮರಳಿದ ಮೇಲೆ ತೀರಿಕೊಂಡದ್ದು ಕೇರಳದ ವಾಚಕರಿಗೆ ನೆನಪಿರಬಹುದು. ಸಾವಿಗೆ ನಾಣ್ಯ ಕಾರಣವಲ್ಲವೆಂದು ಶವಪರೀಕ್ಷೆಯಲ್ಲಿ ಕಂಡುಬಂತು. ಹಾಗಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ: ಮನೆಗೆ ಕಳುಹಿಸಿದ ಮಗುವಿನಲ್ಲಿ ಏನನ್ನು ಗಮನಿಸಬೇಕು, ಯಾವಾಗ ಮರಳಿ ಬರಬೇಕು ಎಂಬುದನ್ನು ತಂದೆತಾಯಿಗಳಿಗೆ ಯಾರು ಹೇಳಬೇಕು?

ನಮ್ಮ ದಿಂಬಂನಂಥ ಕಡೆ ಈ ಪ್ರಶ್ನೆ ಇನ್ನೂ ಕಠಿಣ. ಬಣ್ಣಾರಿಗಿಳಿಯಲು 27 ಕಡಿದಾದ ತಿರುವುಗಳು. 2022ರ ಫೆಬ್ರವರಿಯಿಂದ ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ ಘಟ್ಟದಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ಆಂಬುಲೆನ್ಸಿಗೆ ವಿನಾಯಿತಿಯಿದೆ, ನಿಜ. ಆದರೆ ಕಾಡಿನ ನಡುವಿನ ಹಾದಿಯೇನೂ ಅದರಿಂದ ಗಿಡ್ಡವಾಗದು. "ಏನಾದರೂ ಆದರೆ ಬನ್ನಿ" ಎಂಬ ಮಾತು ಪೇಟೆಯವರಿಗೆ ಸಾಕು, ಬೆಟ್ಟದವರಿಗೆ ಸಾಲದು. ಆ 'ಏನಾದರೂ' ಏನೆಂಬುದು ಬರಹದಲ್ಲಿರಬೇಕು: ಬಿಡದ ವಾಂತಿ, ಹೊಟ್ಟೆನೋವು, ಜ್ವರ, ಮಲದಲ್ಲಿ ರಕ್ತ, ಉಸಿರಾಟದ ತೊಂದರೆ.

ಅರ್ಧ ಹಾಳೆ ಕಾಗದ ಸಾಕು. ಆದರೆ ಅದು ಆ ಮನೆಯ ಭಾಷೆಯಲ್ಲಿರಬೇಕು. ತಾಳವಾಡಿಯ ತಾಯಿಗೆ ತಮಿಳಿನ ಚೀಟಿ, ಕಾಸರಗೋಡಿನ ಕನ್ನಡತಿಗೆ ಮಲಯಾಳದ ಚೀಟಿ ಕೊಟ್ಟು ಕೈತೊಳೆದುಕೊಂಡರೆ ಚಿಕಿತ್ಸೆ ಮುಗಿದಂತಲ್ಲ. ಇದು ಭಾಷಾಭಿಮಾನದ ಬೇಡಿಕೆಯಲ್ಲ, ಔಷಧದಷ್ಟೇ ಅವಶ್ಯ. ಎರಡೂ ರಾಜ್ಯಗಳ ಆರೋಗ್ಯ ಇಲಾಖೆಗಳು ಇದನ್ನು ಮುದ್ರಿಸಲಿ. ಅಲ್ಲಿಯವರೆಗೆ ಕನ್ನಡ ಶಾಲೆಗಳ ಅಧ್ಯಾಪಕರಾದ ನಾವು ರಕ್ಷಕರ ಸಭೆಯಲ್ಲಿ ಇದನ್ನು ಓದಿ ಹೇಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.