ಬಸುರಿಯ ಏದುಸಿರು

"ಬಸುರಿಗೆ ಏದುಸಿರು ಇದ್ದದ್ದೇ" ಎಂಬ ಮಾತು ಬಸವಾಪಟ್ಟಣ ಹೋಬಳಿಯ ಯಾವ ಮನೆಗೂ ಹೊಸದಲ್ಲ. ಬಹುಮಟ್ಟಿಗೆ ಅದು ನಿಜವೇ. ಗರ್ಭಿಣಿಯ ಮೈಯಲ್ಲಿ ರಕ್ತದ ಪ್ರಮಾಣ ಶೇಕಡ 40-50ರಷ್ಟು ಹೆಚ್ಚುತ್ತದೆ. ಆ ಹೊರೆಯನ್ನೆಲ್ಲ ಎಳೆಯುವುದು ಅದೇ ಹೃದಯ. ಆದರೆ ಅಂಗಾತ ಮಲಗಗೊಡದ ಉಬ್ಬಸ, ನಡುರಾತ್ರಿ ಎಬ್ಬಿಸಿ ಕೂರಿಸುವ ಕೆಮ್ಮು, ತಲೆಸುತ್ತಿ ಬೀಳುವುದು, ಇವು ಇದ್ದದ್ದಲ್ಲ. ಹೃದಯ ಸೋಲುತ್ತಿರುವುದರ ಸೂಚನೆಯಿರಬಹುದು.

ಹೃದ್ರೋಗವೆಂದರೆ ಸಾಹುಕಾರರ ರೋಗವೆಂದು ನಂಬಿದವರುಂಟು. ನಮ್ಮ ದೇಶದ ಗರ್ಭಿಣಿಯರಲ್ಲಿ ಅದಕ್ಕೆ ದೊಡ್ಡ ಕಾರಣ ರುಮ್ಯಾಟಿಕ್ ಜ್ವರ. ಅದು ಇಕ್ಕಟ್ಟಿನ ಮನೆಗಳ, ಬಡವರ ರೋಗ. ಬಾಲ್ಯದಲ್ಲಿ ಗಂಟಲು ನೋವು, ಅದರ ಹಿಂದೆಯೇ ಕೀಲು ಬಾತು ಜ್ವರ. ಸಕಾಲಕ್ಕೆ ಪೆನಿಸಿಲಿನ್ ಸಿಕ್ಕದಿದ್ದರೆ ಹೃದಯದ ಕವಾಟ ಕೆಟ್ಟು ಕಿರಿದಾಗುತ್ತ ಬರಬಹುದು. ಹುಡುಗಿ ಬೆಳೆಯುತ್ತಾಳೆ, ಮದುವೆಯಾಗುತ್ತಾಳೆ, ಗದ್ದೆಯಲ್ಲಿ ನಾಟಿ ಹಾಕುತ್ತಾಳೆ, ಯಾರಿಗೂ ತಿಳಿಯುವುದಿಲ್ಲ. ತಿಳಿಯುವುದು ಏಳನೆಯ ತಿಂಗಳ ಸುಮಾರಿಗೆ, ಕೆಲವರಿಗೆ ಹೆರಿಗೆಯ ಮಂಚದ ಮೇಲೆ.

"ಚಿಕ್ಕಂದಿನಲ್ಲಿ ಕೀಲುಜ್ವರ ಬಂದಿತ್ತೇನಮ್ಮ?" ಎಂದು ಕೇಳಲು ಕಾಸು ಬೇಕಿಲ್ಲ. ಸ್ಟೆತಾಸ್ಕೋಪಿಟ್ಟು ಎದೆಬಡಿತ ಆಲಿಸಲು ಎರಡು ನಿಮಿಷ ಸಾಕು. ಬಿ.ಪಿ. 140/90 ಮುಟ್ಟಿದರೆ ಎಚ್ಚರ ಬೇಕು. ಬಿ.ಪಿ.ಯೊಡನೆ ಮೂತ್ರದಲ್ಲಿ ಪ್ರೋಟೀನೂ ಕಂಡವಳಿಗೆ ಮುಂದಿನ ವರ್ಷಗಳಲ್ಲಿ ಹೃದ್ರೋಗದ ಭಯ ಉಳಿದವರಿಗಿಂತ ಸುಮಾರು ಇಮ್ಮಡಿ. ಆದರೂ ಹೆರಿಗೆಯಾದೊಡನೆ ತಾಯಿ ಕಾರ್ಡು ಪೆಟ್ಟಿಗೆಯ ತಳ ಸೇರುತ್ತದೆ!

2016ರಿಂದ ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಪುಕ್ಕಟೆ ತಪಾಸಣೆಯ ಏರ್ಪಾಡಿದೆ. ಒಳ್ಳೆಯದೇ. ಆದರೆ ಅಡಿಕೆ ಸುಲಿಯುವವಳ ಕೂಲಿ ಸುಲಿದ ಲೆಕ್ಕಕ್ಕೆ. ಆಸ್ಪತ್ರೆಯ ಸಾಲಿನಲ್ಲಿ ನಿಂತ ದಿನ ಒಲೆ ಹೇಗೆ ಉರಿಯಬೇಕು? 2017ರಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿದಾಗ ಕಾರ್ಖಾನೆ ಕಚೇರಿಗಳ ಹೆಂಗಸರಿಗೆ ಅನುಕೂಲವಾಯಿತು. ಹೊಲಗದ್ದೆಯ ಹೆಣ್ಣಾಳು ಆ ಲೆಕ್ಕಕ್ಕೇ ಸೇರಲಿಲ್ಲ.

ಹೋಬಳಿಗೊಂದು ಎಕೋ ಯಂತ್ರ ತನ್ನಿರೆಂದು ನಾವು ಹಟ ಹಿಡಿಯುತ್ತಿಲ್ಲ. ತಪಾಸಣೆಯ ದಿನ ಬಸುರಿ ಕೂಲಿಗಾರಳಿಗೆ ಆ ದಿನದ ಕೂಲಿಯನ್ನು ಸರ್ಕಾರ ಕೊಡಲಿ. ಎದೆಯಲ್ಲಿ ಅನುಮಾನದ ಸದ್ದು ಕೇಳಿದರೆ ಬಸ್ಸಿನ ಚಾರ್ಜು ಕೊಟ್ಟು, ಒಂದು ವಾರದೊಳಗೆ ದಾವಣಗೆರೆಯಲ್ಲಿ ಎಕೋ ಮಾಡಿಸಲಿ. ಇ.ಎಸ್.ಐ. ಇರುವ ಗಿರಣಿ ಸಂಗಾತಿಗಳೇ, ಆ ಚಿಕಿತ್ಸೆಯ ಹಕ್ಕು ನಿಮ್ಮ ಹೆಂಡತಿಗೂ ಉಂಟು. ವರ್ತಕ ಬಂಧುಗಳು ತಮ್ಮ ಮಂಡಿಯಲ್ಲಿ ದುಡಿಯುವ ಬಸುರಿಯನ್ನು ಮುಂದಿನ 9ನೇ ತಾರೀಕು ಕೂಲಿ ಮುರಿಯದೆ ಆಸ್ಪತ್ರೆಗೆ ಕಳಿಸಿಕೊಡಲಿ.