ಇನ್ನೂ ಬಾರದ ಹಾಡಿಗೆ ಕಾಯುವವರು

ಚಿಟಗುಪ್ಪದಿಂದ ಹುಮನಾಬಾದಿಗೋ ಬಸವಕಲ್ಯಾಣಕ್ಕೋ ಕಾಲೇಜಿಗೆ ಹೋಗುವ ಹುಡುಗ ಬಸ್ಸಿನಲ್ಲಿ ಹಾಡು ಕೇಳಿದರೆ ಮನೆಯವರು ಸುಮ್ಮನಿರಬಹುದು. ಆದರೆ ಹೆಸರೇ ಕೇಳಿರದ ರಾಕ್ ತಂಡವೊಂದರ ಮೊದಲ ಆಲ್ಬಮ್ಮಿಗಾಗಿ ಅವನು ದಿನ ಎಣಿಸತೊಡಗಿದರೆ? 'ಇದೆಂಥ ಹುಚ್ಚು' ಎಂದು ಅಪ್ಪ ಗದರುವುದು ಸಹಜ. ಗದರುವ ಮುನ್ನ ಆ ಹುಚ್ಚಿನೊಳಗೆ ಏನಿದೆ ಎಂದು ನೋಡುವುದು ಒಳ್ಳೆಯದು.

1960ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಬೆಳೆದ ಪ್ರೋಗ್ರೆಸಿವ್ ರಾಕ್, ಮೂರು ನಿಮಿಷದ ಹಾಡಿಗೆ ತೃಪ್ತಿಪಡದ ಸಂಗೀತ. ಹಾಡು ಹತ್ತು ನಿಮಿಷಕ್ಕೂ ಹಿಗ್ಗಬಹುದು, ನಡುವೆ ತಾಳವೇ ಬದಲಾಗಬಹುದು. 1973ರಲ್ಲಿ ಬಂದ ಪಿಂಕ್ ಫ್ಲಾಯ್ಡ್ ತಂಡದ 'ಮನಿ' ಹಾಡು ಬಹುಪಾಲು ಏಳು ಎಣಿಕೆಯಲ್ಲಿ ಸಾಗುತ್ತದೆ. ನಮ್ಮ ಮಿಶ್ರಛಾಪು ತಾಳಕ್ಕೂ ಮೂರು ಮತ್ತು ನಾಲ್ಕು ಸೇರಿ ಏಳೇ ಎಣಿಕೆ!

ಕಿಂಗ್ ಕ್ರಿಮ್ಸನ್ ಎಂಬ ತಂಡ 1969ರ ಜುಲೈ 5ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ರೋಲಿಂಗ್ ಸ್ಟೋನ್ಸ್ ಕಛೇರಿಗೆ ಮುಂಚೆ ನುಡಿಸಿತು. ಲಕ್ಷಾಂತರ ಜನ ಸೇರಿದ್ದರು. ಆಗ ಆ ತಂಡದ ಒಂದು ಆಲ್ಬಮ್ಮೂ ಹೊರಬಂದಿರಲಿಲ್ಲ. ಮೆಚ್ಚಿದವರು ಅಕ್ಟೋಬರಿನವರೆಗೆ ಕಾಯಬೇಕಾಯಿತು.

ನಮ್ಮ ಬೆಂಗಳೂರಿನ 'ಅಗಂ' ತಂಡದ ಅಭಿಮಾನಿಗಳ ತಾಳ್ಮೆ ಇನ್ನೂ ದೊಡ್ಡದು. ಕರ್ನಾಟಕ ಸಂಗೀತವನ್ನು ಪ್ರೋಗ್ರೆಸಿವ್ ರಾಕ್‌ನೊಂದಿಗೆ ಬೆಸೆದ ಈ ತಂಡ ಹುಟ್ಟಿದ್ದು 2003ರಲ್ಲಿ. 2007ರಲ್ಲಿ ಟಿ.ವಿ. ಸ್ಪರ್ಧೆಯೊಂದನ್ನು ಗೆದ್ದು ಹೆಸರಾಯಿತು. ಮೊದಲ ಆಲ್ಬಂ 'ದಿ ಇನ್ನರ್ ಸೆಲ್ಫ್ ಅವೇಕನ್ಸ್' ಬಂದದ್ದು 2012ರಲ್ಲಿ. ಹುಟ್ಟಿನಿಂದ ಎಣಿಸಿದರೆ ಒಂಬತ್ತು ವರ್ಷ! ಗಾಯಕ, ಪಿಟೀಲುವಾದಕ ಹರೀಶ್ ಶಿವರಾಮಕೃಷ್ಣನ್ ಅವರಂತೆ ತಂಡದವರು ಓದು ಮುಗಿಸಿ ಉದ್ಯೋಗ ಮಾಡುತ್ತಲೇ ಸಂಗೀತವನ್ನೂ ಉಳಿಸಿಕೊಂಡವರು. ಆ ಆಲ್ಬಮ್ಮಿನಲ್ಲಿ ತ್ಯಾಗರಾಜರ 'ಬಂಟುರೀತಿ' ಕೃತಿಯಿದೆ, ಸ್ವಾತಿ ತಿರುನಾಳರ ಧನಾಶ್ರೀ ತಿಲ್ಲಾನವಿದೆ. ಅಜ್ಜಿಗೆ ಗೊತ್ತಿದ್ದ ಹಂಸನಾದ ರಾಗ ಮೊಮ್ಮಗನಿಗೆ ಗಿಟಾರು, ಡ್ರಮ್ಮುಗಳ ಜೊತೆ ಸಿಕ್ಕಿತು. ಕೃತಿಯನ್ನು ಹೀಗೆ ಹಾಡಬಹುದೇ ಎಂಬ ತಕರಾರು ಬೇರೆ ಮಾತು. ತಕರಾರು ಮಾಡಲಿಕ್ಕೂ ಮೊದಲು ಕೇಳಬೇಕಲ್ಲ!

ಸಿನಿಮಾ ಹಾಡು ಬರುವ ಮೊದಲೇ ನಾಯಕನ ಹೆಸರು, ಪೋಸ್ಟರು, ಪ್ರಚಾರ ಬಂದಿರುತ್ತವೆ. ಅದು ಚೆನ್ನಾಗಿದೆ ಎಂದು ಹೇಳಲು ಹತ್ತು ಜನ ಇರುತ್ತಾರೆ. ಹೊಸ ತಂಡಕ್ಕೆ ಅದೊಂದೂ ಇಲ್ಲ. ಅಭಿಮಾನಿ ಕೇಳಿರುವುದು ಒಂದೆರಡು ತುಣುಕು. ಉಳಿದದ್ದು ಅವನ ಊಹೆ. ಆಲ್ಬಂ ಬಂದ ಮೇಲೆ ನಿರಾಸೆಯೂ ಆಗಬಹುದು. ಆದರೂ ಅವನು ಕಾಯುತ್ತಾನೆ. ಯಾಕೆಂದರೆ ಅವನು ನಂಬಿರುವುದು ತನ್ನ ಕಿವಿಯನ್ನು. ಯಾರೋ ಹೇಳಿದ್ದನ್ನು ಒಪ್ಪುವುದಕ್ಕಿಂತ ತಾನೇ ತೂಗಿ ನೋಡುವ ಈ ಗುಣ, ಪಠ್ಯಪುಸ್ತಕ ಓದುವವನಿಗೂ ಬೇಕಾದದ್ದೇ ಅಲ್ಲವೇ?

ವಿದ್ಯಾರ್ಥಿಗಳಿಗೂ ಒಂದು ಮಾತು. ನೀವು ಕಾಯುವ ಹಾಡಿನ ಹಿಂದೆ ವರ್ಷಗಟ್ಟಲೆ ಸಾಧನೆ ಇರುತ್ತದೆ. ಅದನ್ನು ಮೆಚ್ಚುವವರು ಪರೀಕ್ಷೆಯ ಓದನ್ನು ಕೊನೆಯ ವಾರಕ್ಕೆ ತಳ್ಳಿದರೆ ಮೆಚ್ಚಿಗೆ ಬಾಯಿಮಾತಾಗುತ್ತದೆ. ಇನ್ನು ತಂದೆತಾಯಿಯರು ಒಂದು ಸಂಜೆ 'ಯಾವುದಪ್ಪಾ ಅದು, ನನಗೂ ಕೇಳಿಸು' ಎನ್ನಲಿ. ಭಜನೆಯಲ್ಲಿ ತಾಳ ಹಾಕಿ ಅಭ್ಯಾಸವಿದ್ದ ಅಪ್ಪನಾದರೆ, ಆ ಏಳು ಎಣಿಕೆಯನ್ನು ಮಗನಿಗಿಂತ ಮೊದಲು ಹಿಡಿದಾನು.